ಡರ್ಬಿಯಲ್ಲಿ ನಮ್ಮೂರ ಹೆಸರು ಕೆಟ್ಟಿದ್ದು

ವಿರೂಪಾಕ್ಷಿಪುರ, ಇವತ್ತು

ನನ್ನ ಮೊಮ್ಮಗಳು ಇಂಚರ ನಮ್ಮ ಮನೆಗೆ ಬಂದಳು. ನೆಂಟಳಾಗಿ ಬಂದದ್ದಲ್ಲ, ಇಲ್ಲೇ ಇದ್ದು ಬೆಳೆಯಲು ಬಂದಿದ್ದಾಳೆ. ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿರುವ ಕೂಸು. ಬಾಗಿಲಲ್ಲಿ ಆರತಿ ಎತ್ತಿದಾಗ ತಟ್ಟೆಯ ಕೆಂಪು ನೀರಿಗೆ ಕೈ ಅದ್ದಿ ಅವರಜ್ಜನ ಬಿಳಿ ಷರ್ಟಿಗೆ ಬಳಿದಳು. ನಮ್ಮ ಯಜಮಾನರು ಮಧ್ಯಾಹ್ನವಾದರೂ ಆ ಷರ್ಟು ಬಿಚ್ಚಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಎದೆ ಮುಂದೆ ಮಾಡಿ ತೋರಿಸಿದ್ದೇ ತೋರಿಸಿದ್ದು. ನಾನು ಬೀದಿಯ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟು ಬಂದೆ. ಮಾತಾಡದ ಮನೆಗೂ ಕೊಟ್ಟೆ. ಸಂತೋಷ ಅನ್ನುವುದು ಸೆರಗಿನಲ್ಲಿ ಕಟ್ಟಿಕೊಂಡರೂ ಚೆಲ್ಲುತ್ತದೆ, ನಾನೇನು ಮಾಡಲಿ.

ಎದುರು ಮನೆಯ ಪುಟ್ಟತಾಯಮ್ಮ ಸಕ್ಕರೆ ಬಾಯಿಗೆ ಹಾಕಿಕೊಂಡು ಕೇಳಿದರು. ‘ಅವ್ವ ಅಲ್ಲಿಗ್ ಹೋಗೋದು, ಕೂಸು ಇಲ್ಲಿರೋದು. ಹಾಲು ಬುಡ್ಸೋಕ್ ಮುಂಚೆ ಯಾರಾದ್ರೂ ಹಿಂಗ್ ಮಾಡ್ತಾರವ್ವ?’

ನಾನು ನಗುತ್ತಲೇ ಮುಂದಿನ ಮನೆಗೆ ಹೋದೆ. ಐದು ತಿಂಗಳು ಇಂಗ್ಲೆಂಡಿನಲ್ಲಿದ್ದು ಕಣ್ಣಾರೆ ಕಂಡದ್ದನ್ನು ಬರೆದರೆ ಮಾತ್ರ ಅದಕ್ಕೆ ಉತ್ತರವಾದೀತು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಡರ್ಬಿ, ಇಳಿದ ದಿನ

ನನ್ನ ಮಗಳು ಸವಿತಾ ಡರ್ಬಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಳಿಯಂದಿರು ಮಂಜುನಾಥ, ಮಾಗಡಿ ಕಡೆಯವರು. ಅವರಿಗೆ ಅಲ್ಲಿ ಪಾರ್ಸೆಲ್ ಗೋಡೌನಿನಲ್ಲಿ ರಾತ್ರಿ ಪಾಳಿ. ಮಗು ಹುಟ್ಟಿ ಒಂದು ತಿಂಗಳಿಗೆ ನಾನು ಬಾಣಂತನಕ್ಕೆಂದು ಒಬ್ಬಳೇ ವಿಮಾನ ಹತ್ತಿದೆ. ಯಜಮಾನರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ.

ಇಳಿದಾಗ ಗಾಜಿನ ಹಿಂದೆ ಕುಳಿತ ಸಾಹೇಬರು ಯಾರನ್ನು ನೋಡಲು ಬಂದೆ ಅಂತ ಕೇಳಿದರು. ಅಷ್ಟು ಇಂಗ್ಲಿಷು ನನಗೆ ಮಗಳು ಉರು ಹೊಡೆಸಿದ್ದಳು. ಅವಳ ಹೆಸರು ಬರೆದ ಚೀಟಿ ಮುಂದಿಟ್ಟೆ. ಅವರು ‘ವಿರೂ, ವಿರೂಪಾ’ ಎಂದು ಎರಡು ಸಲ ಎತ್ತಿ, ದಮ್ಮು ಸಾಲದೆ ಕೈಬಿಟ್ಟು, ಹೋಗಿ ಎಂದರು.

ಈ ಹೆಸರಿನ ಕಥೆ ಹೇಳಲೇಬೇಕು. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಇರುತ್ತದೆ. ಸ್ಕೂಲಿನಲ್ಲಿ ಅವಳು ವಿ. ಎಸ್. ಸವಿತಾ. ವಿ ಅಂದರೆ ವಿರೂಪಾಕ್ಷಿಪುರ, ಎಸ್ ಅಂದರೆ ಶಿವಣ್ಣ, ನಮ್ಮ ಯಜಮಾನರು. ಪಾಸ್‌ಪೋರ್ಟ್ ಮಾಡಿಸುವಾಗ ಬರೀ ಅಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಅಂದರಂತೆ. ಬಿಡಿಸಿ ಬರೆದಳು. ಆ ದೇಶದಲ್ಲಿ ಮನೆತನದ ಹೆಸರೇ ಮುಖ್ಯ. ಹಾಗಾಗಿ ಅಲ್ಲಿ ಕೆಲವರಿಗೆ ಇವಳು ಮಿಸ್ ಶಿವಣ್ಣ, ಕೆಲವರಿಗೆ ಮಿಸ್ ವಿರೂಪಾಕ್ಷಿಪುರ.

ಆಸ್ಪತ್ರೆಗೆ ಹೋಗುವಾಗ ಅವಳು ಎದೆಗೆ ಸಿಕ್ಕಿಸುವ ಬಿಲ್ಲೆಯ ಮೇಲೆ ನಮ್ಮೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಕಂಡು ನಾನು ಹಿಗ್ಗಿದೆ. ಚನ್ನಪಟ್ಟಣದ ಬಸ್ಸಿನ ಬೋರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಹೆಸರು ಅದು. ‘ನಮ್ಮೂರ್ನ ಇಷ್ಟ್ ದೂರ ಹೊತ್ಕೊಂಡ್ ಬಂದಿದ್ದೀಯಲ್ಲ ಮಗ’ ಅಂದೆ. ಅವಳು ನಗಲಿಲ್ಲ. ಬಾಣಂತಿ, ಆಯಾಸ ಅಂದುಕೊಂಡೆ.

ಅವರಿದ್ದದ್ದು ಒಂದು ದೊಡ್ಡ ಮನೆಯ ಒಂದೇ ರೂಮಿನಲ್ಲಿ. ಉಳಿದ ರೂಮುಗಳಲ್ಲಿ ಬೇರೆ ಬೇರೆಯವರು. ಅಡುಗೆಮನೆ ಎಲ್ಲರಿಗೂ ಒಂದೇ. ಆ ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಎಳೆಗೂಸು ಅಂತ ಮನೆ ಮಾಲೀಕ ಆರು ತಿಂಗಳು ತುಂಬುವವರೆಗೆ ಸುಮ್ಮನಿರಲು ಒಪ್ಪಿದ್ದ. ಅಷ್ಟರೊಳಗೆ ಬೇರೆ ಮನೆ ಹಿಡಿಯಬೇಕು. ಸಿಕ್ಕದಿದ್ದರೆ ಮಗುವನ್ನು ಎಲ್ಲಿಡುವುದು? ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ಆಡದೆ ಮುಖದಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಅದು.

ಎಲ್ಲರ ಅಡುಗೆಮನೆ

ಅಳಿಯಂದಿರು ಹಗಲು ಮಲಗುವಾಗ ನಾನು ಕೂಸನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಆ ಜನರ ರೀತಿಯೇ ಬೇರೆ. ಒಂದೇ ಮನೆಯಲ್ಲಿದ್ದರೂ ಒಬ್ಬರು ಬೇಯಿಸಿದ್ದನ್ನು ಇನ್ನೊಬ್ಬರು ರುಚಿ ನೋಡುವುದಿಲ್ಲ. ಫ್ರಿಜ್ಜಿನೊಳಗಿನ ಹಾಲಿನ ಡಬ್ಬದ ಮೇಲೂ ಅವರವರ ಹೆಸರು. ಆದರೆ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಎಲ್ಲರೂ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಬೀದಿ ಕೊನೆಯ ಅಂಗಡಿಯ ಹೆಂಗಸು ನನ್ನನ್ನು ಕಂಡಾಗಲೆಲ್ಲ ‘ಡಕ್’ ಅನ್ನುತ್ತಿದ್ದಳು. ಡಕ್ ಅಂದರೆ ಬಾತುಕೋಳಿ ಅನ್ನುವಷ್ಟು ನನಗೆ ಗೊತ್ತು. ನನ್ನ ನಡಿಗೆ ನೋಡಿ ಆಡಿಕೊಳ್ಳುತ್ತಾಳೆ ಅಂತ ಒಂದು ವಾರ ಆ ಅಂಗಡಿಗೆ ಹೋಗಲಿಲ್ಲ. ಅದು ಆ ಊರಲ್ಲಿ ಅಕ್ಕರೆಯ ಮಾತಂತೆ, ನಾವು ಅವ್ವ, ತಾಯಿ ಅಂದ ಹಾಗೆ. ಆಮೇಲೆ ಹೋಗಿ ಒಂದು ಸೋಪು ಹೆಚ್ಚಿಗೆ ಕೊಂಡೆ.

ಒಂದು ಸಂಜೆ ಮುದ್ದೆಗೆ ಎಸರಿಟ್ಟಿದ್ದೆ. ಕರೆಂಟು ಹೋಯಿತು. ಒಲೆಯೂ ಕರೆಂಟಿನದೇ. ನಮ್ಮೂರಿನಂತೆ ಇಲ್ಲೂ ಇದೆಯಲ್ಲ ಅಂತ ಒಸಿ ಸಮಾಧಾನವೇ ಆಯಿತು. ಕಿಟಕಿಯಲ್ಲಿ ನೋಡಿದರೆ ಎದುರು ಮನೆಯಲ್ಲಿ ದೀಪ, ಪಕ್ಕದ ಮನೆಯಲ್ಲಿ ದೀಪ. ನಮ್ಮಲ್ಲಿ ಕರೆಂಟು ಹೋದರೆ ಎಲ್ಲರ ಮನೆಯದೂ ಹೋಗುತ್ತದೆ. ಅಲ್ಲಿ ನಮ್ಮದೊಂದೇ ಕತ್ತಲು. ಅದು ಮುಂಗಡ ದುಡ್ಡು ತುಂಬಿಸುವ ಮೀಟರು. ಮುಗಿದರೆ ಅಂಗಡಿಗೆ ಹೋಗಿ ಅದರ ಚಾವಿಗೆ ದುಡ್ಡು ಹಾಕಿಸಿಕೊಂಡು ಬರಬೇಕು. ಸವಿತಾ ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಆ ಥಂಡಿಯಲ್ಲಿ ಹೊರಟಳು.

ತಿಂಗಳಿಗೊಮ್ಮೆ ಬಿಲ್ಲು ಕಟ್ಟಬಾರದೇ ಅಂತ ಬಂದ ಮೇಲೆ ಕೇಳಿದೆ. ಆಗ ಅವಳು ಬಿಡಿಸಿ ಹೇಳಿದಳು. ಬಾಡಿಗೆಯವರನ್ನು ನಂಬದೆ ಮಾಲೀಕ ಹಾಕಿಸಿದ ಮೀಟರು ಅದು. ಆ ದೇಶದಲ್ಲಿ ಪ್ರತಿಯೊಬ್ಬರಿಗೂ ಒಂದು ಅಂಕ ಇರುತ್ತದೆ. ಕ್ರೆಡಿಟ್ ಸ್ಕೋರ್ ಅನ್ನುತ್ತಾರೆ. ಸಾಲ ತಂದು ಹೊತ್ತಿಗೆ ಕಟ್ಟಿದರೆ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಮನೆ ಬಾಡಿಗೆಗೆ ಕೊಡುವವರು, ಕಂತಿನಲ್ಲಿ ಫೋನು ಕೊಡುವವರು, ಎಲ್ಲರೂ ಮೊದಲು ಅದನ್ನೇ ನೋಡುವುದು. ನಮ್ಮಲ್ಲೂ ಈಗ ಬೈಕಿನ ಲೋನಿಗೆ ಸ್ಕೋರು ಕೇಳುತ್ತಾರೆ, ನಾನು ಕೇಳಿದ್ದೇನೆ. ಆದರೆ ಸೂರಿಗೂ ಅದೇ ಆಧಾರ ಅಂತ ಗೊತ್ತಿರಲಿಲ್ಲ.

ಅಳಿಯಂದಿರ ಸ್ಕೋರು ಎಷ್ಟು ಅಂದೆ. ಅವರು ಅಲ್ಲಿ ಯಾವತ್ತೂ ಸಾಲ ಮಾಡಿದವರಲ್ಲ. ಮಾಗಡಿಯಲ್ಲಿ ಅದು ಹೆಣ್ಣು ಕೊಡುವಾಗ ನಾವು ಮೆಚ್ಚಿದ ಗುಣ. ಅಲ್ಲಿ ಸಾಲವೇ ಮಾಡದವರಿಗೆ ಅಂಕವೂ ಇಲ್ಲ, ಅಂಕ ಇಲ್ಲದವರಿಗೆ ಮನೆಯೂ ಇಲ್ಲ. ಸವಿತಾಳದು ಅದಕ್ಕಿಂತ ಕಷ್ಟ. ಮದುವೆಗೆ ಮುಂಚೆ ಅವಳು ಇನ್ನಿಬ್ಬರು ನರ್ಸುಗಳ ಜೊತೆ ಒಂದು ಮನೆಯಲ್ಲಿದ್ದಳು. ಅಲ್ಲಿಯ ಕರೆಂಟು ಮಿಸ್ ವಿರೂಪಾಕ್ಷಿಪುರ ಅಂತ ಇವಳ ಹೆಸರಿನಲ್ಲಿತ್ತು. ಮನೆ ಬಿಟ್ಟಾಗ ಕರೆಂಟಿನ ಕಂಪನಿಗೆ ಹೊಸ ವಿಳಾಸವನ್ನು ಸವಿತಾ ಶಿವಣ್ಣ ಅಂತ ಹೇಳಿ ಬರೆಸಿದಳು. ಕೊನೆಯ ಬಿಲ್ಲು ಮಾತ್ರ ಮಿಸ್ ವಿರೂಪಾಕ್ಷಿಪುರಕ್ಕೆ ಅಂತ ಹಳೆಯ ಮನೆಗೇ ಹೋಯಿತು. ಅವರಿಗೆ ಇಬ್ಬರೂ ಬೇರೆ ಬೇರೆ ಹೆಂಗಸರು. ಯಾರೂ ಕಟ್ಟಲಿಲ್ಲ. ನಮ್ಮ ಅಂಗಡಿಯಲ್ಲಿ ಒಂದು ಸಂಸಾರ ತಿಂಗಳಿಗೆ ಒಯ್ಯುವ ಎಣ್ಣೆ ಬೇಳೆಯಷ್ಟೂ ಇರಲಿಲ್ಲ ಆ ಬಾಕಿ. ಗೊತ್ತಾದ ದಿನವೇ ಕಟ್ಟಿದಳು. ಆದರೂ ಹೆಸರಿನ ಮೇಲೆ ಬಿದ್ದ ಕಪ್ಪು ಗುರುತು ಆರು ವರ್ಷ ಹೋಗುವುದಿಲ್ಲವಂತೆ.

‘ಕಟ್ಟಿದ್ ಮ್ಯಾಲೂ ಬಾಕಿದಾರ್ಳೇನೆ?’ ಅಂದೆ.

‘ಕಟ್ಟಿದ್ದೀನಿ ಅಂತನೂ ಬರ್ಕೊಂಡವ್ರೆ ಕಣವ್ವ. ಆದ್ರೆ ತಪ್ಪಿದ್ಳು ಅನ್ನೋದ್ನ ಅಳ್ಸಲ್ಲ.’

ನಾನು ಇಷ್ಟು ವರ್ಷ ಉದ್ದರಿ ಕೊಟ್ಟವಳು. ಬಾಕಿ ತೀರಿದರೆ ಒಂದು ಗೆರೆ ಎಳೆಯುತ್ತೇವೆ. ಗೆರೆ ಬಿದ್ದ ಮೇಲೆ ಅದರ ಸುದ್ದಿ ಎತ್ತಿದರೆ ನಮ್ಮದೇ ತಪ್ಪು. ಅಲ್ಲಿ ಗೆರೆ ಎಳೆಯುವವರೇ ಇಲ್ಲ. ನಾನು ಹಿಗ್ಗಿಕೊಂಡು ಓದಿದ ಹೆಸರಿಗೆ ಆ ದೇಶದಲ್ಲಿ ಬಾಕಿ ಉಳಿಸಿಕೊಂಡು ಓಡಿಹೋದವಳು ಅನ್ನುವ ಅರ್ಥ ಬಂದುಬಿಟ್ಟಿತ್ತು. ನಾನು ಹೋಗುವ ಮೊದಲೇ ಎರಡು ಮನೆ ಕೈತಪ್ಪಿದ್ದವು.

ಹೆಸರು ಬರೆಸುವ ಕಚೇರಿ

ಮಗು ಹುಟ್ಟಿದ ಒಂದೂವರೆ ತಿಂಗಳೊಳಗೆ ಅಲ್ಲಿ ಹೆಸರು ಬರೆಸಬೇಕು. ಹೂವಿನ ಕುಂಡ ಇಟ್ಟ ಚೊಕ್ಕ ಕಚೇರಿ. ಯಜಮಾನರು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರು, ಊರಿನ ಹೆಸರು ಮರೆಯಬೇಡಿ ಅಂತ. ಅಪ್ಪನ ಮನೆಯದು ಮಾಗಡಿ ಇರಬಹುದು, ಅವ್ವನ ಊರೂ ಒಂದು ಮೂಲೆಯಲ್ಲಿ ಇರಲಿ ಅನ್ನುವುದು ಅವರ ಆಸೆ.

ಬರೆದುಕೊಳ್ಳುವ ಹೆಂಗಸು ಪೂರ್ತಿ ಹೆಸರು ಕೇಳಿದಳು. ಸವಿತಾ ಇಂಚರ ಮಂಜುನಾಥ್ ಅಂದಳು. ನಾನು ಪಕ್ಕದಿಂದ ಊರು, ಊರು ಅಂದೆ. ಸವಿತಾ ನನ್ನ ಕಡೆ ತಿರುಗಲಿಲ್ಲ.

‘ಬ್ಯಾಡ ಕಣವ್ವ. ಅದು ನನ್ಜೊತೆಗೇ ಮುಗೀಲಿ.’

ಆ ಮಾತು ನನಗೆ ಚುಚ್ಚಿತು. ಊರು ಅಂದರೆ ಅಂಟುಜಾಡ್ಯವೇನು, ಅವ್ವನಿಂದ ಮಗಳಿಗೆ ತಗುಲಲು? ಮನೆಗೆ ಬಂದು ಯಜಮಾನರಿಗೆ ಫೋನಿನಲ್ಲಿ, ಹೆಸರು ಬರೆಯುವ ಜಾಗ ಚಿಕ್ಕದಿತ್ತು, ಹಿಡಿಸಲಿಲ್ಲ ಅಂತ ಸುಳ್ಳು ಹೇಳಿದೆ.

ಮನೆ ತೋರಿಸುವವರ ಆಫೀಸು

ಮೂರನೆಯ ಮನೆ ಸಣ್ಣದು, ಹಿತ್ತಲಿನಲ್ಲಿ ಒಂದು ಸೇಬಿನ ಗಿಡ. ಅಡುಗೆಮನೆ ನಮ್ಮದೊಂದೇ ಆಗುತ್ತಿತ್ತು. ನಾನು ಆಗಲೇ ತೊಟ್ಟಿಲು ಎಲ್ಲಿಡಬೇಕು ಅಂತ ಕಣ್ಣಲ್ಲೇ ಜಾಗ ನೋಡಿಬಿಟ್ಟಿದ್ದೆ. ಈ ಸಲ ಹೆಸರಿನ ಗೊಂದಲ ಮೊದಲು ಸರಿ ಮಾಡಿಸಬೇಕು ಅಂತ ಸವಿತಾ ಅಂಕ ಲೆಕ್ಕ ಹಾಕುವ ಕಂಪನಿಗೆ ಬರೆದಳು. ಎರಡು ಹೆಸರೂ ನನ್ನವೇ, ಒಂದು ಮಾಡಿ ಅಂತ. ಅವರು ಸರಿಯಾಗಿಯೇ ಒಂದು ಮಾಡಿದರು. ಅಲ್ಲಿಯವರೆಗೆ ಕಪ್ಪು ಇದ್ದದ್ದು ವಿರೂಪಾಕ್ಷಿಪುರಕ್ಕೆ ಮಾತ್ರ, ಸವಿತಾ ಶಿವಣ್ಣ ಬೆಳ್ಳಗಿದ್ದಳು. ಈಗ ಇಬ್ಬರೂ ಕಪ್ಪಾದರು. ತುಂಬಿದ ಹಾಲಿನ ಪಾತ್ರೆಗೆ ನಾವೇ ಹುಳಿ ಹಿಂಡಿದ ಹಾಗಾಯಿತು. ಮನೆ ಇಲ್ಲ ಅಂದರು.

ನನಗೆ ಸುಮ್ಮನಿರಲಾಗಲಿಲ್ಲ. ನಮ್ಮ ಕಡೆ ಯಾರಾದರೂ ಆಗುವುದಿಲ್ಲ ಅಂದರೆ ಹಿರಿಯರು ಹೋಗಿ ಎದುರು ಕೂತು ಮಾತಾಡುತ್ತಾರೆ. ಮುಖ ನೋಡಿದ ಮೇಲೆ ಇಲ್ಲ ಅನ್ನುವುದು ಸುಲಭವಲ್ಲ. ಯಜಮಾನರಿಗೆ ಫೋನು ಮಾಡಿ ನಾಡಕಚೇರಿಯಿಂದ ನಮ್ಮ ಹೊಲದ ಪಹಣಿ ತೆಗೆಸಿ ಫೋಟೋ ಕಳಿಸಲು ಹೇಳಿದೆ. ಹೊಲ ಯಾರ ಹೆಸರಿನಲ್ಲಿದೆ ಅಂತ ಸರ್ಕಾರ ಕೊಡುವ ಕಾಗದ ಅದು. ನಮ್ಮಲ್ಲಿ ಪೊಲೀಸ್ ಸ್ಟೇಷನ್ನಿನಿಂದ ಮನುಷ್ಯನನ್ನು ಬಿಡಿಸಿಕೊಂಡು ಬರುವಾಗಲೂ ಪಹಣಿ ನಡೆಯುತ್ತದೆ. ಬೇಡ ಅಂತ ಸವಿತಾ ರೇಗಿದಳು. ಅಳಿಯಂದಿರು, ‘ಹೋಗ್ಲಿ ಬುಡು, ಅತ್ತೆ ಸಮಾಧಾನಕ್ಕೆ’ ಅಂತ ಲೈಬ್ರರಿಯಲ್ಲಿ ಅಚ್ಚು ಹಾಕಿಸಿ ಕೊಟ್ಟರು. ನಾನು ಕೊಬ್ಬರಿ ಮಿಠಾಯಿ ಮಾಡಿಕೊಂಡು, ರೇಷ್ಮೆ ಸೀರೆ ಉಟ್ಟು, ಕೂಸನ್ನೆತ್ತಿಕೊಂಡು ಹೊರಟೆ.

ಆಫೀಸಿನಲ್ಲಿದ್ದವಳು ಎಳೆಯ ಹುಡುಗಿ. ಮಿಠಾಯಿ ತಿಂದಳು, ಚೆನ್ನಾಗಿದೆ ಅಂದಳು. ಕೂಸಿನ ಕೈಗೆ ತನ್ನ ಬೆರಳು ಕೊಟ್ಟಳು. ನಾನು ಪಹಣಿಯನ್ನು ಮೇಜಿನ ಮೇಲೆ ಹರಡಿದೆ.

‘ಇವ್ಳು ನನ್ ಮಗ್ಳು. ಇಸ್ಕೊಂಡಿದ್ನ ಇಲ್ಲ ಅಂದವ್ಳಲ್ಲ. ನಾ ಜಾಮೀನ್ ನಿಲ್ತೀನಿ, ಇಕಾ ನಮ್ ಹೊಲ. ನಮ್ಮೂರಲ್ ಬಂದ್ ಕೇಳವ್ವ ಬೇಕಾರೆ.’

ನಾನು ಅಷ್ಟುದ್ದ ಹೇಳಿದ್ದನ್ನು ಸವಿತಾ ಇಂಗ್ಲಿಷಿನಲ್ಲಿ ಎರಡು ಮಾತಿಗೆ ಮುಗಿಸಿದಳು. ಏನು ಬಿಟ್ಟಳೋ ತಿಳಿಯದು. ಹುಡುಗಿ ಪಹಣಿಯ ಮೇಲೆ ಬೆರಳಾಡಿಸಿ, ಅಕ್ಷರಗಳು ಬಹಳ ಮುದ್ದಾಗಿವೆ ಅಂದಳಂತೆ. ಜಾಮೀನಿಗೆ ಆ ದೇಶದಲ್ಲೇ ಸ್ವಂತ ಮನೆ ಇದ್ದು, ಒಳ್ಳೆಯ ಸ್ಕೋರು ಇರುವವರು ಬೇಕು. ಅಂಥವರು ನಮಗೆ ಯಾರಿದ್ದಾರೆ? ಆಸ್ಪತ್ರೆಯ ಒಬ್ಬ ಸೀನಿಯರ್ ನರ್ಸು ಒಪ್ಪಿದ್ದರು, ಅವರ ಗಂಡ ಬೇಡ ಅಂದರು. ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಜಾಮೀನು ಅಂದರೆ ನಮ್ಮ ಯಜಮಾನರೂ ಹಿಂದಿನ ಬಾಗಿಲಿನಿಂದ ಹೋಗಿಬಿಡುತ್ತಾರೆ.

ಹುಡುಗಿ ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಸವಿತಾ ಹೊರಗೆ ಬಂದ ಮೇಲೆ ನನಗೆ ತಿಳಿಸಿದಳು. ಕಾಲೇಜಿನಲ್ಲಿದ್ದಾಗ ಆ ಹುಡುಗಿಯೂ ಕಂತಿನಲ್ಲಿ ಬಟ್ಟೆ, ಚಪ್ಪಲಿ ಕೊಂಡು ಎರಡು ಕಂತು ತಪ್ಪಿಸಿದ್ದಳಂತೆ. ಊರಿಗೆಲ್ಲ ಮನೆ ತೋರಿಸುವ ಆ ಹುಡುಗಿಗೆ ತನ್ನದೇ ಆಫೀಸು ಮನೆ ಕೊಡುವುದಿಲ್ಲ. ಅವ್ವನ ಮನೆಯಲ್ಲೇ ಇದ್ದಾಳೆ. ಮದುವೆಯಾಗುವ ಹುಡುಗನಿಗೆ ಈ ವಿಷಯ ಇನ್ನೂ ಹೇಳಿಲ್ಲವಂತೆ.

ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಬೈಯಲು ಒಂದು ಮುಖವಾದರೂ ಬೇಕಲ್ಲ. ನಾನು ಅಂಗಡಿಯಲ್ಲಿ ಯಾರಿಗಾದರೂ ಉದ್ದರಿ ಇಲ್ಲ ಅಂದರೆ ಅವರು ಬೀದಿಯಲ್ಲಿ ನಿಂತು ನನ್ನ ಏಳು ತಲೆಮಾರನ್ನು ಬೈದು ಹೋಗುತ್ತಾರೆ. ಮೂರು ದಿನ ಬಿಟ್ಟು ಅವರೂ ಬರುತ್ತಾರೆ, ನಾನೂ ಕೊಡುತ್ತೇನೆ. ಅಲ್ಲಿ ಇಲ್ಲ ಅಂದವರು ಯಾರು ಅಂತ ಆ ಹುಡುಗಿಗೂ ಗೊತ್ತಿಲ್ಲ.

ಮೀನು ಕರಿಯುವ ಅಂಗಡಿಯ ಮೇಲೆ

ಸ್ಕೋರು ಕೇಳದೆ ಕೊಡುವ ಮನೆಯೂ ಒಂದು ಸಿಕ್ಕಿತು. ಮೀನು ಕರಿಯುವ ಅಂಗಡಿಯ ಮೇಲಿನ ಮಹಡಿ. ಬಾಡಿಗೆ ಸೇಬಿನ ಗಿಡದ ಮನೆಗಿಂತ ಹೆಚ್ಚು. ಯಾರಿಗೂ ಬೇಡವಾದವರಿಗೆ ಬೆಲೆಯೂ ಹೆಚ್ಚು, ಇದು ನಮ್ಮಲ್ಲೂ ಹಾಗೆಯೇ. ಮಲಗುವ ಕೋಣೆಯ ಗೋಡೆ ನೆಲದಿಂದ ಕಿಟಕಿಯವರೆಗೆ ಕರ್ರಗೆ ಬೂಸಲು ಹಿಡಿದಿತ್ತು. ಅಳಿಯಂದಿರು ಒರೆಸಿ ಬಣ್ಣ ಹೊಡೆದರೆ ಆಯಿತು ಅಂದರು. ನಾವು ಅಲ್ಲಿ ನಿಂತಿದ್ದ ಸ್ವಲ್ಪ ಹೊತ್ತಿನಲ್ಲೇ ಕೂಸು ಕೆಮ್ಮಿತು. ಮನೆಮನೆಗೆ ಬಂದು ಮಕ್ಕಳ ತೂಕ ನೋಡುವ ನರ್ಸಮ್ಮನನ್ನು ಕೇಳಿದರೆ, ಆ ಗಾಳಿಯಲ್ಲಿ ಎಳೆಮಗುವನ್ನು ಮಲಗಿಸಬೇಡಿ ಅಂದರು. ಸವಿತಾಗೂ ಅದು ಗೊತ್ತು. ಇನ್ನೊಬ್ಬರ ಬಾಯಿಂದ ಬೇರೆ ಮಾತು ಬರಬಹುದು ಅಂತ ಕೇಳಿದ್ದಷ್ಟೆ.

ಹಳೆಯ ರೂಮಿನ ಮಾಲೀಕ ಒಂದು ಸಲ ನೆನಪಿಸಿ ಹೋದ. ಕೆಟ್ಟವನಲ್ಲ, ಹೋಗುವಾಗ ಕೂಸಿಗೆ ಒಂದು ಬೊಂಬೆ ಕೊಟ್ಟ.

ಇನ್ನೊಂದು ಮನೆ ನೋಡಿ ಬರುವಾಗ ಬಸ್ ಸ್ಟಾಪಿನಲ್ಲಿ ನಾವಿಬ್ಬರೇ ಕೂತಿದ್ದೆವು. ಕೂಸು ನನ್ನ ಸೆರಗಿನೊಳಗೆ ಮಲಗಿತ್ತು. ಸವಿತಾ ರಸ್ತೆಯನ್ನೇ ನೋಡುತ್ತಾ ಹೇಳಿದಳು.

‘ಅವ್ವ, ಮಗೀನ ನೀನ್ ಕರ್ಕೊಂಡೋಗು.’

‘ಎಲ್ಲಿಗೆ?’

‘ಊರ್ಗೆ.’

ಸುಳ್ಳು ಏಕೆ ಬರೆಯಲಿ. ಆ ಗಳಿಗೆಯಲ್ಲಿ ನನ್ನೊಳಗೆ ಸಂಕ್ರಾಂತಿಯ ಹಾಲು ಉಕ್ಕಿದ ಹಾಗೆ ಉಕ್ಕಿತು. ಈ ಕೂಸು ನಮ್ಮ ಪಡಸಾಲೆಯಲ್ಲಿ ಅಂಬೆಗಾಲಿಡುತ್ತದೆ, ನಮ್ಮ ಅಂಗಡಿಯ ಬೆಲ್ಲ ಕದಿಯುತ್ತದೆ, ನನ್ನನ್ನು ಅಜ್ಜಿ ಅಂತ ಮೊದಲು ಕರೆಯುತ್ತದೆ. ಎಲ್ಲಾ ಕಣ್ಣ ಮುಂದೆ ಬಂತು. ಪಕ್ಕಕ್ಕೆ ತಿರುಗಿದರೆ ಮಗಳು ಸದ್ದಿಲ್ಲದೆ ಅಳುತ್ತಿದ್ದಳು.

‘ನೀನೂ ಬಂದ್ಬುಡು ಮಗ’ ಅಂದೆ.

‘ಇಷ್ಟ್ ವರ್ಷ ಕೆಲ್ಸ ಬುಡಂಗಿಲ್ಲ ಅಂತ ಆಸ್ಪತ್ರೆಗ್ ಬಾಂಡ್ ಬರ್ಕೊಟ್ಟಿದ್ದೀನಲ್ಲವ್ವ. ಅದ್ನ ಮುರ್ಕೊಂಡ್ ಬಂದ್ರೆ ಇನ್ನೊಂದ್ ಕೆಟ್ಟೆಸ್ರು. ಎಷ್ಟಂತ ಹೊರ್ಲಿ?’

ಬಸ್ಸು ಬಂತು. ಇಳಿಯುವಾಗ ಅಷ್ಟು ಅಳುವಿನಲ್ಲೂ ಅವಳು ಡ್ರೈವರಿಗೆ ಥ್ಯಾಂಕ್ಸ್ ಹೇಳಿದಳು.

ಯಾರಾದರೂ ಮನೆ ಕೊಟ್ಟ ದಿನವೇ ಬಂದು ಕರೆದುಕೊಂಡು ಹೋಗುತ್ತೇವೆ ಅನ್ನುತ್ತಾರೆ ಇಬ್ಬರೂ. ಕೊಡದಿದ್ದರೆ ಆ ಗುರುತು ತಾನಾಗಿ ಅಳಿಯುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಇಂಚರ ನಮ್ಮೂರ ಸ್ಕೂಲಿಗೆ ಹೋಗುತ್ತಿರುತ್ತಾಳೆ.

ವಿರೂಪಾಕ್ಷಿಪುರ, ಸಂಜೆ

ಡರ್ಬಿಯಿಂದ ಮಗಳು, ಅಳಿಯ, ಕೂಸು, ನಾನು ಎಲ್ಲರೂ ಒಟ್ಟಿಗೇ ಬಂದೆವು. ಗಂಡನ ಮನೆಯವರು ಮೊದಲು ನೋಡಬೇಕಲ್ಲ, ಒಂದು ವಾರ ಕೂಸನ್ನು ಮಾಗಡಿಯಲ್ಲಿ ಇಟ್ಟುಕೊಂಡಿದ್ದರು. ಇವತ್ತು ಬೀಗರು, ಬೀಗಿತಿಯವರೇ ಕಾರು ಮಾಡಿಕೊಂಡು ಮಗಳು, ಅಳಿಯ, ಮೊಮ್ಮಗಳನ್ನು ಕರೆತಂದರು. ನಾಳೆ ಬೆಳಗಾಗುವ ಮೊದಲೇ ಅದೇ ಕಾರು ಸವಿತಾಳನ್ನೂ ಅಳಿಯಂದಿರನ್ನೂ ಏರ್‌ಪೋರ್ಟಿಗೆ ಬಿಡುತ್ತದೆ.

ನಾಟಿಕೋಳಿ ಸಾರು, ಮುದ್ದೆ, ಅನ್ನ, ಶಾವಿಗೆ ಪಾಯಸ ಮಾಡಿದ್ದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಬೀಗರು ಸಾರು ಮೆಚ್ಚಿ ಎರಡು ಮುದ್ದೆ ಹಾಕಿಸಿಕೊಂಡರು. ಇಂಗ್ಲೆಂಡಿನಲ್ಲಿ ಮೀನನ್ನು ಹಿಟ್ಟಿನಲ್ಲಿ ಮುಚ್ಚಿ ಕರಿಯುತ್ತಾರೆ ಅಂದಾಗ ಯಜಮಾನರು, ‘ಹಂಗಾರೆ ಮೀನಿನ್ ಬೋಂಡ ಅನ್ನು’ ಅಂದರು. ಎಲ್ಲರೂ ನಕ್ಕರು. ನಗು ಕೇಳಿ ಕೂಸೂ ಕೇಕೆ ಹಾಕಿತು. ನನ್ನ ಮನೆ ಇಷ್ಟು ತುಂಬಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಸವಿತಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಊಟಕ್ಕೆ ಕೂತಿದ್ದಳು. ಕೊಡವ್ವ, ಕೈ ಆಡಿಸಿಕೊಂಡು ಉಣ್ಣು ಅಂತ ಬೀಗಿತಿ ಕೈ ಚಾಚಿದರು. ಇರಲಿ ಅಂದಳು.

ನಮ್ಮಲ್ಲಿ ಒಂದು ರೂಢಿ ಇದೆ. ಸಾಲಿನಲ್ಲಿ ಒಬ್ಬರು ಉಣ್ಣುತ್ತಿದ್ದರೂ ಉಳಿದವರು ಏಳುವ ಹಾಗಿಲ್ಲ. ಎದ್ದರೆ ಅದು ಉಣ್ಣುವವರಿಗೆ ಅವಮಾನ. ಎಲ್ಲರದೂ ಮುಗಿಯಿತು. ಸವಿತಾ ಒಂದು ಕೈಯಿಂದ ಕೂಸಿನ ಬೆನ್ನು ತಟ್ಟುತ್ತಾ, ಇನ್ನೊಂದು ಕೈಯಲ್ಲಿ ಅನ್ನವನ್ನು ಅಗುಳು ಅಗುಳಾಗಿ ಎತ್ತಿ ಬಾಯಿಗಿಡುತ್ತಿದ್ದಳು. ಕೂಸು ಅವಳ ತೊಡೆಯ ಮೇಲೇ ನಿದ್ದೆ ಹೋಯಿತು. ಬೀಗರ ಕೈ ಒಣಗಿತು, ಯ‍ಜಮಾನರ ಕೈ ಒಣಗಿತು. ಅಳಿಯಂದಿರು ತಲೆ ಬಗ್ಗಿಸಿ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಯಾರೂ ಏಳಲಿಲ್ಲ.

ಅವಳ ತಟ್ಟೆಯಲ್ಲಿ ಇನ್ನು ನಾಲ್ಕೈದು ತುತ್ತು ಉಳಿದಿತ್ತು. ನಾನು ಪಾತ್ರೆ ಹತ್ತಿರಕ್ಕೆಳೆದು ಮತ್ತೊಂದು ಸೌಟು ಅನ್ನ ಹಾಕಿದೆ. ಸಾಕು ಅನ್ನಲಿಲ್ಲ ಅವಳು.